ಸಂಭವಿಸದ ಬಿರುಕು: ತಡೆಯುವ ಕರ್ಮದ ಫಲವನ್ನು ಕುರಿತ ವಿಚಾರ

ಕೆಡುಕೊಂದು ಬಾರದಂತೆ ಮುಂಚಿತವಾಗಿ ತಡೆಯುವ ಕ್ರಿಯೆಗೆ ಫಲವೆಂಬುದು ಉಂಟೇ, ಉಂಟಾದರೆ ಅದರ ಸ್ವರೂಪವೇನು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಕಾರರು ಬಹುಕಾಲ ಗಂಭೀರವಾಗಿ ಚರ್ಚಿಸಿದ್ದಾರೆ. ಬಿತ್ತಿದವನಿಗೆ ಬೆಳೆಯೂ ನೆಯ್ದವನಿಗೆ ಬಟ್ಟೆಯೂ ಕಣ್ಣೆದುರಿಗೆ ಬಂದು ನಿಲ್ಲುವ ಫಲಗಳು. ತಡೆದವನಿಗಾದರೋ ದೊರೆಯುವುದು ಒಂದು ಇಲ್ಲದಿರುವಿಕೆ ಮಾತ್ರ, ಮತ್ತು ಇಲ್ಲದಿರುವುದನ್ನು ಬೊಟ್ಟುಮಾಡಿ ತೋರಿಸಲು ಬಾರದಾದ್ದರಿಂದ ಅದಕ್ಕೆ ವೆಚ್ಚವಾದ ಹಣವೂ ಶ್ರಮವೂ ವ್ಯರ್ಥವಾಯಿತೇನೋ ಎಂಬ ಸಂಶಯ ಉಳಿದುಕೊಳ್ಳುತ್ತದೆ. ಈ ಸಂಶಯವನ್ನು ಪರಿಹರಿಸಿಕೊಳ್ಳದ ಸಮಾಜ ಕೆಟ್ಟದ್ದನ್ನು ಸರಿಪಡಿಸಿದವನಿಗೆ ಮನ್ನಣೆ ಕೊಟ್ಟು, ಕೆಡದಂತೆ ಕಾದವನನ್ನು ಮರೆಯುತ್ತದೆ. ಆದ್ದರಿಂದ ಪ್ರಶ್ನೆಯನ್ನು ಬರಿಯ ತರ್ಕದ ಮಟ್ಟದಲ್ಲಿ ಬಿಡದೆ ಒಂದು ನಿಶ್ಚಿತ ಲೌಕಿಕ ಕರ್ಮದಲ್ಲಿ ಇಟ್ಟು ಪರೀಕ್ಷಿಸುವುದು ಉಚಿತ. ಲಡಾಖಿನಂಥ ಕಡುಶೀತದ ನಾಡಿನಲ್ಲಿ ವಾಹನದ ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆ ಹೆಪ್ಪುಗಟ್ಟದಂತೆ ಕಾಪಾಡುವ ಕೆಲಸ ಅಂಥ ಪರೀಕ್ಷೆಗೆ ತಕ್ಕ ನೆಲೆ. ಏಕೆಂದರೆ ಅಲ್ಲಿ ತಡೆಯಬೇಕಾದ ಕೆಡುಕು, ಅದರ ಕಾರಣ, ಅದನ್ನು ತಡೆಯುವ ವಸ್ತು ಈ ಮೂರೂ ಸ್ಪಷ್ಟವಾಗಿ ಗೊತ್ತಿವೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಎಂಜಿನ್ನಿನೊಳಗೆ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಭಾಗ ಮಾತ್ರ ಚಲನೆಯಾಗಿ ಪರಿಣಮಿಸುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಹೊರಗೆ ಸಾಗಿಸದಿದ್ದರೆ ಲೋಹ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರುಗಳ ಸುತ್ತ ಎರಕದಲ್ಲಿಯೇ ಬಿಟ್ಟಿರುವ ಪೊಳ್ಳು ದಾರಿಗಳಲ್ಲಿ ಪಂಪೊಂದು ದ್ರವವನ್ನು ಓಡಿಸುತ್ತದೆ. ಬಿಸಿಯಾದ ಆ ದ್ರವ ರೇಡಿಯೇಟರಿನ ತೆಳು ಕೊಳವೆಗಳಲ್ಲಿ ಹರಿದು, ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಮರಳುತ್ತದೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಕವಾಟವಿದ್ದು, ದ್ರವ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ ಈ ದ್ರವ ಬರಿಯ ನೀರೇ ಆಗಿದ್ದರೂ ಹೆಪ್ಪುಗಟ್ಟುವ ಭಯವಿಲ್ಲ. ಅಲ್ಲಿನ ಚಾಲಕರ ಚಿಂತೆಯೆಲ್ಲ ಎಂಜಿನ್ ಕುದಿಯದಿರಲಿ ಎಂಬುದು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿಯಾದರೋ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ, ದ್ರಾಸ್ ಕಣಿವೆಯ ಚಳಿ ಅದಕ್ಕಿಂತಲೂ ಉಗ್ರ. ಸಾಮಾನ್ಯ ಡೀಸೆಲ್ ಅಲ್ಲಿ ಮೇಣಗಟ್ಟುವುದರಿಂದ, ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಲಡಾಖಿಗೆ ಒದಗಿಸತೊಡಗಿತು. ಅಂಥ ಕಡೆ ಬರಿಯ ನೀರು ತುಂಬಿದ ವಾಹನವನ್ನು ಒಂದು ರಾತ್ರಿ ಬಯಲಲ್ಲಿ ನಿಲ್ಲಿಸಿದರೆ ಆಗುವುದೇನೆಂಬುದು ನೀರಿನ ಸ್ವಭಾವದಿಂದಲೇ ನಿಶ್ಚಿತವಾಗಿದೆ.

ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಾಗಲ್ಲ. 4 ಡಿಗ್ರಿಯವರೆಗೆ ಕುಗ್ಗುತ್ತ ಬಂದು, ಅಲ್ಲಿಂದ ಕೆಳಗೆ ಹಿಗ್ಗತೊಡಗಿ, ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡಾ 9ರಷ್ಟು ಹೆಚ್ಚುತ್ತದೆ. ತೆರೆದ ಪಾತ್ರೆಯಲ್ಲಿ ಈ ಹಿಗ್ಗು ಮೇಲಕ್ಕೇರುತ್ತದೆ. ಎಡೆಯಿಲ್ಲದ ಲೋಹದ ಪೊಳ್ಳಿನಲ್ಲಿ ಅದು ಗೋಡೆಗಳನ್ನು ಒತ್ತುತ್ತದೆ. ಪೂರ್ತಿ ಮುಚ್ಚಿದ ಜಾಗದಲ್ಲಿ ಮೈನಸ್ 22 ಡಿಗ್ರಿಯ ಹೊತ್ತಿಗೆ ಆ ಒತ್ತಡ ವಾಯುಮಂಡಲದ ಒತ್ತಡದ 2,000 ಪಟ್ಟನ್ನು ಮೀರಬಲ್ಲದು. ಎರಕದ ಕಬ್ಬಿಣ ಅದಕ್ಕೆ ಬಹಳ ಮೊದಲೇ ಸೋಲುತ್ತದೆ. ಎಂಜಿನ್ನಿನ ಮಗ್ಗುಲಲ್ಲಿರುವ ಬಿಲ್ಲೆಯಾಕಾರದ ಲೋಹದ ಬಿರಡೆಗಳು ಮಂಜಿನ ಒತ್ತಡಕ್ಕೆ ಕಳಚಿಕೊಂಡು ಎಂಜಿನ್ನನ್ನು ಉಳಿಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅವು ಎರಕ ಹೊಯ್ದಾಗ ಒಳಗಿನ ಮರಳನ್ನು ತೆಗೆಯಲು ಬಿಟ್ಟ ರಂಧ್ರಗಳ ಮುಚ್ಚಳಗಳು, ರಕ್ಷಣೆಗೆಂದು ಅವನ್ನು ನೆಚ್ಚುವಂತಿಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಬಿರುಕು ಹುಟ್ಟುವ ಹೊತ್ತು ಬೇರೆ, ಅದು ಕಾಣಿಸಿಕೊಳ್ಳುವ ಹೊತ್ತು ಬೇರೆ. ನಡುರಾತ್ರಿಯಲ್ಲಿ ಬಿಟ್ಟ ಸೀಳನ್ನು ಅದನ್ನುಂಟುಮಾಡಿದ ಮಂಜುಗಡ್ಡೆಯೇ ತುಂಬಿಕೊಂಡಿರುವುದರಿಂದ ಬೆಳಗ್ಗೆ ಒಂದು ಹನಿಯೂ ಸೋರುವುದಿಲ್ಲ. ಬಿಸಿಲೇರಿ ಗಡ್ಡೆ ಕರಗಿದ ಮೇಲೆ ಲೋಹದ ಮೇಲೆ ಕೂದಲೆಳೆಯಂಥ ಗೆರೆಯೊಂದು ಒದ್ದೆಯಾಗಿ, ಹನಿಗೂಡಿ, ನೆಲಕ್ಕೆ ತೊಟ್ಟಿಕ್ಕತೊಡಗಿದಾಗಲೇ ರಾತ್ರಿಯ ಹಾನಿ ತಿಳಿಯುವುದು. ಕಾರಣ ತನ್ನ ಕೆಲಸ ಮುಗಿಸಿ ಎಷ್ಟೋ ಹೊತ್ತಾದ ಮೇಲೆ ಕಾರ್ಯ ಪ್ರಕಟವಾಗುವ ಈ ಅಂತರವೇ ಅಜಾಗರೂಕತೆಗೆ ಧೈರ್ಯ ಕೊಡುತ್ತದೆ.

ಇದನ್ನು ತಡೆಯಲು ನೀರಿಗೆ ಬೆರೆಸುವುದು ಎಥಿಲೀನ್ ಗ್ಲೈಕಾಲ್ ಎಂಬ, ಬಣ್ಣವಿಲ್ಲದ, ಸಿಹಿರುಚಿಯ ದ್ರವವನ್ನು; ಮಾರುಕಟ್ಟೆಯಲ್ಲಿ ಕೂಲಂಟ್ ಎಂದು ಮಾರಾಟವಾಗುವುದರ ಮುಖ್ಯಾಂಶ ಸಾಮಾನ್ಯವಾಗಿ ಇದೇ. ಮೊದಮೊದಲು ವಾಹನಗಳಲ್ಲಿ ಈ ಕೆಲಸಕ್ಕೆ ಮದ್ಯಸಾರವನ್ನು ಬಳಸುತ್ತಿದ್ದರು. ಎಂಜಿನ್ನಿನ ಶಾಖಕ್ಕೆ ಅದು ಆವಿಯಾಗಿ ಹೋಗುತ್ತಿದ್ದುದರಿಂದ 1920ರ ದಶಕದ ಕೊನೆಯಲ್ಲಿ ಗ್ಲೈಕಾಲ್ ಅದರ ಜಾಗಕ್ಕೆ ಬರತೊಡಗಿತು. ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿಯೂ ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲಿಯೂ ಗಟ್ಟಿಯಾಗುತ್ತವೆ. ಆದರೆ ಎರಡನ್ನೂ ಸಮಪಾಲಾಗಿ ಬೆರೆಸಿದರೆ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲಿನ ಅಣುಗಳು ನೀರಿನ ಅಣುಗಳ ನಡುವೆ ಸೇರಿಕೊಂಡು, ಅವು ಮಂಜುಗಡ್ಡೆಯ ಕ್ರಮಬದ್ಧ ಜೋಡಣೆಗೆ ಬಾರದಂತೆ ನೋಡಿಕೊಳ್ಳುತ್ತವೆ. ಹೆಚ್ಚು ಹಾಕಿದಷ್ಟೂ ಹೆಚ್ಚು ರಕ್ಷಣೆ ಎಂಬುದೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಗ್ಲೈಕಾಲಿನ ಪಾಲು ಸುಮಾರು ಶೇಕಡಾ 70ನ್ನು ದಾಟಿದರೆ ರಕ್ಷಣೆ ಮತ್ತೆ ಕುಗ್ಗುತ್ತ ಹೋಗುತ್ತದೆ. ಪಾಲು ಸಾಲದೆ ಹೋದರೆ ಮತ್ತೊಂದು ವಿಪರೀತ ಒದಗುತ್ತದೆ: ಥರ್ಮೋಸ್ಟಾಟ್ ಮುಚ್ಚಿರುವಷ್ಟು ಹೊತ್ತು ರೇಡಿಯೇಟರಿನಲ್ಲಿ ನಿಶ್ಚಲವಾಗಿರುವ ದ್ರವ ಎದುರುಗಾಳಿಗೆ ಗಟ್ಟಿಯಾಗಿ, ಕವಾಟ ತೆರೆದಾಗ ಹರಿವಿಗೆ ದಾರಿಯಿಲ್ಲದಾಗುತ್ತದೆ; ಸುತ್ತಲೂ ಹಿಮವಿರುವಲ್ಲಿ ಎಂಜಿನ್ ಶಾಖದಿಂದ ಕೆಡುತ್ತದೆ.

ಗ್ಲೈಕಾಲ್ ಯಾವ ಬಗೆಯ ಕಾರಣ ಎಂದು ಕೇಳಿದ ಕೂಡಲೇ ವಿಚಾರ ದರ್ಶನದ ಎಲ್ಲೆಯೊಳಗೆ ಬರುತ್ತದೆ. ಅದರ ಕೆಲಸ ಹೊಸದೊಂದನ್ನು ಹುಟ್ಟಿಸುವುದಲ್ಲ, ಹುಟ್ಟಬಹುದಾದ ಒಂದನ್ನು ಹುಟ್ಟದಂತೆ ಮಾಡುವುದು. ಉಳಿದೆಲ್ಲ ಕಾರಣಗಳು ಕೂಡಿದ್ದರೂ ಕಾರ್ಯ ಆಗದಂತೆ ತಡೆಯುವ ಇಂಥ ವಸ್ತುವನ್ನು ನ್ಯಾಯದರ್ಶನ ಪ್ರತಿಬಂಧಕವೆಂದು ಕರೆಯುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ ಬೆಂಕಿ ಮತ್ತು ಮಣಿಯದು: ಒಂದು ವಿಶೇಷ ಮಣಿ ಬಳಿಯಲ್ಲಿದ್ದರೆ ಬೆಂಕಿ ಸುಡುವುದಿಲ್ಲ, ಅದನ್ನು ಸರಿಸಿದರೆ ಅದೇ ಬೆಂಕಿ ಸುಡುತ್ತದೆ ಎಂದು ಒಪ್ಪಿಕೊಂಡು, ಅದನ್ನು ವಿವರಿಸುವ ಬಗೆ ಹೇಗೆಂದು ವಾದ ನಡೆಯಿತು. ಬೆಂಕಿಯಲ್ಲಿ ಸುಡುವ ಶಕ್ತಿಯೆಂಬ ಕಾಣದ ಪದಾರ್ಥವೊಂದಿದ್ದು ಮಣಿ ಅದನ್ನು ಕುಂಠಿತಗೊಳಿಸುತ್ತದೆ ಎಂಬುದು ಮೀಮಾಂಸಕರ ಪಕ್ಷ. ಉದಯನಾಚಾರ್ಯ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಈ ಕಲ್ಪನೆಯನ್ನು ನಿರಾಕರಿಸಿ, ಪ್ರತಿಬಂಧಕದ ಅಭಾವವನ್ನೂ ಕಾರ್ಯದ ಕಾರಣಗಳಲ್ಲಿ ಒಂದೆಂದು ಎಣಿಸಿದರೆ ಸಾಕು ಎಂದು ಪ್ರತಿಪಾದಿಸಿದ. ಲಡಾಖಿನ ವಾಹನ ಈ ವಾದದಲ್ಲಿ ಉದಯನನ ಕಡೆಗೇ ಸಾಕ್ಷಿ ನುಡಿಯುತ್ತದೆ. ಮಿಶ್ರಣದಿಂದ ನೀರನ್ನು ಭಟ್ಟಿಯಿಳಿಸಿ ಬೇರ್ಪಡಿಸಿದರೆ ಅದು ಮತ್ತೆ ಸೊನ್ನೆ ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ. ಅಂದರೆ ನೀರಿನ ಯಾವ ಶಕ್ತಿಯೂ ನಾಶವಾಗಿರಲಿಲ್ಲ. ಚಳಿ, ನೀರು, ಎಡೆಯಿಲ್ಲದ ಪೊಳ್ಳು ಇವುಗಳ ಜೊತೆಗೆ ಗ್ಲೈಕಾಲ್ ಇಲ್ಲದಿರುವುದೂ ಸೇರಿದಾಗಲೇ ಬಿರುಕಿನ ಸಾಮಗ್ರಿ, ಅಂದರೆ ಕಾರಣಗಳ ಒಟ್ಟು ಕೂಟ, ಪೂರ್ಣವಾಗುವುದು. ಮನುಷ್ಯನಿಗೆ ಚಳಿಯ ಮೇಲೆ ಅಧಿಕಾರವಿಲ್ಲ, ನೀರಿನ ಸ್ವಭಾವದ ಮೇಲೂ ಇಲ್ಲ. ಕೂಟದ ಒಂದು ಅಂಗವನ್ನು ತಪ್ಪಿಸುವ ಅಧಿಕಾರ ಮಾತ್ರ ಇದೆ, ಮತ್ತು ಅಷ್ಟೇ ಸಾಕಾಗುತ್ತದೆ.

ಆದರೂ ಮೊದಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವಸ್ತುವೊಂದು ಹುಟ್ಟುವುದಕ್ಕೆ ಮುಂಚೆ ಅದು ಇಲ್ಲದಿರುವುದನ್ನು ನೈಯಾಯಿಕರು ಪ್ರಾಗಭಾವ ಎನ್ನುತ್ತಾರೆ. ಅದಕ್ಕೆ ಆದಿಯಿಲ್ಲ, ವಸ್ತು ಹುಟ್ಟಿದಾಗ ಅಂತ್ಯವಿದೆ. ಬಿರುಕು ಇಲ್ಲದಿರುವುದು ಕೂಲಂಟ್ ತುಂಬುವ ಮೊದಲೂ ಇತ್ತು, ತುಂಬಿದ ಮೇಲೂ ಇದೆ. ಮೊದಲೇ ಇದ್ದದ್ದನ್ನು ಕ್ರಿಯೆಯೊಂದು ಸಾಧಿಸಿತೆನ್ನುವುದು ಹೇಗೆ? ಮೋಕ್ಷದ ಸ್ವರೂಪವನ್ನು ಕುರಿತ ಚರ್ಚೆಯಲ್ಲಿ ಇದೇ ಆಕ್ಷೇಪ ಎದ್ದಿತ್ತು. ದುಃಖದ ಪ್ರಾಗಭಾವವೇ ಮೋಕ್ಷವೆಂಬ ಪಕ್ಷವೊಂದನ್ನು ಪ್ರಾಭಾಕರ ಮೀಮಾಂಸಕರದೆಂದು ನವ್ಯನ್ಯಾಯದ ಗ್ರಂಥಗಳು ಪರಿಶೀಲಿಸುತ್ತವೆ. ಅನಾದಿಯಾದ ಅಭಾವವನ್ನು ಯಾರೂ ಉಂಟುಮಾಡಲಾರರು ಎಂಬ ಆಕ್ಷೇಪಕ್ಕೆ ಆ ಪಕ್ಷದವರು ಕೊಡುವ ಉತ್ತರ ಪರಿಪಾಲನೆ ಎಂಬುದು. ಹೊಸದನ್ನು ಉಂಟುಮಾಡುವುದು ಒಂದು ಬಗೆಯ ಸಾಧನೆ, ಇರುವುದು ಮುಂದಿನ ಕ್ಷಣಕ್ಕೂ ದಾಟಿಹೋಗುವಂತೆ ಕಾಯುವುದು ಇನ್ನೊಂದು ಬಗೆಯ ಸಾಧನೆ. ಕಾಯದಿದ್ದರೆ ಮುಗಿದುಹೋಗುತ್ತಿದ್ದ ಸ್ಥಿತಿ ಕಾದದ್ದರಿಂದ ಮುಂದುವರಿದಿದ್ದರೆ, ಆ ಮುಂದುವರಿಕೆ ಕಾಯುವಿಕೆಯ ಫಲವೇ ಸರಿ. ಮೋಕ್ಷದ ವಿಷಯದಲ್ಲಿ ಈ ಪಕ್ಷ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಬೇರೆ ಮಾತು. ತಡೆಯುವ ಕರ್ಮದ ವಿಷಯದಲ್ಲಿ ಇದಕ್ಕಿಂತ ನಿಖರವಾದ ಉತ್ತರ ಕಾಣುವುದಿಲ್ಲ. ಲೇಹ್‌ನಲ್ಲಿ ಒಂದು ರಾತ್ರಿ ಕಳೆದು ಮತ್ತೆ ಓಡಿದ ಎಂಜಿನ್ ಹೊಸ ವಸ್ತುವೇನೂ ಅಲ್ಲ, ನಿಜ. ಆದರೆ ಆ ಬೆಳಗ್ಗೆ ಅದು ಅಖಂಡವಾಗಿರುವುದು ಹಿಂದಿನ ದಿನ ಸುಮ್ಮನೆ ಇದ್ದಂತೆ ಇರುವುದಲ್ಲ, ಕಾಪಾಡಿದ್ದರಿಂದ ಇರುವುದು.

ಇದನ್ನು ತಿಳಿಯುವುದು ಹೇಗೆಂಬುದು ಮುಂದಿನ ಪ್ರಶ್ನೆ. ಸಂಭವಿಸದ ಬಿರುಕು ಪ್ರತ್ಯಕ್ಷಕ್ಕೆ ಸಿಗುವುದಿಲ್ಲ. ಇಲ್ಲದಿರುವುದರ ಅರಿವಿಗೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ, ಅಂದರೆ ಇದ್ದಿದ್ದರೆ ಕಾಣಬೇಕಾಗಿದ್ದದ್ದು ಕಾಣದಿರುವುದು, ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ್ದಾರೆ. ಆದರೆ ಅದು ಬಿರುಕಿಲ್ಲವೆಂಬುದನ್ನು ತಿಳಿಸೀತೇ ಹೊರತು, ಬಿರುಕು ತಡೆಯಲ್ಪಟ್ಟಿತೆಂಬುದನ್ನು ತಿಳಿಸದು. ಅದಕ್ಕೆ ತರ್ಕ ಬೇಕು. ನ್ಯಾಯಶಾಸ್ತ್ರದಲ್ಲಿ ತರ್ಕವೆಂದರೆ, ಹೀಗಿಲ್ಲದೆ ಹೋಗಿದ್ದರೆ ಹಾಗಾಗುತ್ತಿತ್ತು ಎಂದು ಆರೋಪಿಸಿ ನೋಡುವ ವಿಚಾರಕ್ರಮ. ಅದು ತಾನಾಗಿ ಪ್ರಮಾಣವಲ್ಲದಿದ್ದರೂ ಪ್ರಮಾಣಗಳಿಗೆ ಬೆಂಬಲ ಕೊಡುವಂಥದು. ಗ್ಲೈಕಾಲ್ ಇಲ್ಲದೆ ಹೋಗಿದ್ದರೆ ಈ ರಾತ್ರಿಯ ಚಳಿಗೆ ಎಂಜಿನ್ ಸೀಳುತ್ತಿತ್ತು ಎಂಬ ಆರೋಪಕ್ಕೆ ನೀರು ಹಿಗ್ಗುವುದನ್ನು ಕುರಿತ ನಿಶ್ಚಿತ ನಿಯಮವೇ ಆಧಾರ. ಆದ್ದರಿಂದ ತಡೆಯ ಫಲ ಕಾಣದೆಂಬ ಕಾರಣಕ್ಕೆ ಅದನ್ನು ಊಹೆಯೆಂದು ತಳ್ಳಿಹಾಕುವವರು ತಮ್ಮ ಕಣ್ಣನ್ನು ಮಾತ್ರ ನಂಬಿ ಬುದ್ಧಿಯನ್ನು ಬದಿಗಿಟ್ಟವರಾಗುತ್ತಾರೆ. ಇದೇ ಕಾರಣಕ್ಕೆ ನಿಯಮದ ಬಲವಿಲ್ಲದ ತಡೆಯನ್ನೂ ಒಪ್ಪುವಂತಿಲ್ಲ. ಬಿರಡೆಗಳನ್ನು ನೆಚ್ಚುವುದು ಅಂಥ ತಡೆ. ಹಾನಿಯಾಗದೆ ಒಂದು ಚಳಿಗಾಲ ಕಳೆದರೂ ಆ ನೆಚ್ಚಿಕೆ ಸಿದ್ಧವಾಗುವುದಿಲ್ಲ. ಶ್ರದ್ಧೆ ಮತ್ತು ಮೂಢನಂಬಿಕೆ ಬೇರೆಯಾಗುವುದು ಇಲ್ಲಿಯೇ.

ತಡೆಯುವ ಕರ್ಮದ ಇನ್ನೊಂದು ಲಕ್ಷಣ, ಅದು ಒಮ್ಮೆ ಮಾಡಿ ಮುಗಿಸುವಂಥದಲ್ಲ ಎಂಬುದು. ಕೂಲಂಟಿನಲ್ಲಿ ಗ್ಲೈಕಾಲಿನ ಜೊತೆಗೆ ಲೋಹ ತುಕ್ಕು ಹಿಡಿಯದಂತೆ ಕಾಯುವ ರಾಸಾಯನಿಕಗಳೂ ಇರುತ್ತವೆ. ಗ್ಲೈಕಾಲ್ ಕಾಲಕ್ರಮದಲ್ಲಿ ಆಮ್ಲವಾಗಿ ಮಾರ್ಪಡುತ್ತಿರುವಂತೆ ಇವು ತೀರುತ್ತ ಬರುತ್ತವೆ. ಹಳೆಯ ಬಗೆಯವು ಸಾಮಾನ್ಯವಾಗಿ 2 ವರ್ಷ, ಸಾವಯವ ಆಮ್ಲಗಳನ್ನು ಆಧರಿಸಿದ ಹೊಸ ಬಗೆಯವು ಸುಮಾರು 5 ವರ್ಷ ಬಾಳುತ್ತವೆ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಬರಿಯ ನೀರನ್ನು ಸುರಿಯುತ್ತ ಬಂದರೆ ಮಿಶ್ರಣದ ಪ್ರಮಾಣವೂ ಕೆಡುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮುಂಚೆ ಪರೀಕ್ಷಿಸಬೇಕು: ರಿಫ್ರಾಕ್ಟೋಮೀಟರ್ ಎಂಬ ಕಿರುದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಕೂಲಂಟಿನ ಒಂದು ಹನಿಯನ್ನಿಟ್ಟು, ಮುಚ್ಚಳವನ್ನಿಳಿಸಿ ಬೆಳಕಿನತ್ತ ಹಿಡಿದರೆ, ನೀಲಿ ಭಾಗವೂ ಬಿಳಿಯ ಭಾಗವೂ ಸೇರುವ ಗೆರೆ ಎಷ್ಟು ಡಿಗ್ರಿಯ ತನಕ ರಕ್ಷಣೆಯಿದೆ ಎಂಬುದನ್ನು ತೋರಿಸುತ್ತದೆ. ಆ ಗೆರೆ ಸರಿಯಾಗಿದ್ದರೂ ತುಕ್ಕುನಿರೋಧಕಗಳು ತೀರಿರಬಹುದು, ಅದಕ್ಕೆ ಬೇರೆ ಪರೀಕ್ಷೆ ಬೇಕು. ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ಇದು ಕಾಮ್ಯಕ್ಕಿಂತ ನಿತ್ಯಕರ್ಮಕ್ಕೆ ಹತ್ತಿರವಾದದ್ದು. ಸ್ವರ್ಗಾದಿ ಫಲವನ್ನು ಬಯಸಿ ಮಾಡುವುದು ಕಾಮ್ಯ. ಸಂಧ್ಯಾವಂದನೆಯಂತೆ ತಪ್ಪದೆ ಮಾಡಲೇಬೇಕಾದದ್ದು ನಿತ್ಯ, ಅದನ್ನು ಬಿಟ್ಟರೆ ಪ್ರತ್ಯವಾಯವೆಂಬ ದೋಷ ಬರುತ್ತದೆ ಎಂದು ಮೀಮಾಂಸಕರು ಹೇಳಿದರು.

ಈ ಮಾತಿಗೆ ಶಂಕರಾಚಾರ್ಯರು ಎತ್ತಿದ ಆಕ್ಷೇಪ ಪ್ರಸಿದ್ಧವಾದದ್ದು: ಮಾಡದಿರುವುದು ಒಂದು ಅಭಾವ, ಅಭಾವದಿಂದ ಭಾವರೂಪವಾದ ದೋಷ ಹುಟ್ಟುವುದು ಸಾಧ್ಯವಿಲ್ಲ. ಕೂಲಂಟನ್ನು ಮರೆತ ಚಾಲಕ, ಎಂಜಿನ್ನನ್ನು ಸೀಳಿದ್ದು ಮಂಜುಗಡ್ಡೆಯೇ ಹೊರತು ತನ್ನ ಮರೆವಲ್ಲ ಎಂದು ವಾದಿಸಲು ಈ ತತ್ತ್ವದ ಮೊರೆ ಹೋಗಬಹುದೇ ಎಂಬುದು ಯೋಚಿಸಬೇಕಾದ ವಿಷಯ. ಆಚಾರ್ಯರ ವಾದ ಕರ್ಮದಿಂದಲೇ ಮೋಕ್ಷ ಸಿದ್ಧಿಸುತ್ತದೆ ಎಂಬ ಪಕ್ಷವನ್ನು ನಿರಾಕರಿಸುವ ಸಂದರ್ಭದಲ್ಲಿ ಬಂದದ್ದು. ಕರ್ತವ್ಯವನ್ನು ಬಿಟ್ಟವನನ್ನು ಹೊಣೆಯಿಂದ ಬಿಡಿಸುವುದಕ್ಕಲ್ಲ. ಸೀಳಿದ್ದು ಮಂಜುಗಡ್ಡೆ ಎಂಬುದು ಕಾರಣದ ಮಾತು, ಕಾಯಬೇಕಾದವನು ಕಾಯಲಿಲ್ಲ ಎಂಬುದು ಹೊಣೆಯ ಮಾತು. ಮೊದಲನೆಯದು ನಿಜವಾಗಿರುವುದರಿಂದ ಎರಡನೆಯದು ಸುಳ್ಳಾಗುವುದಿಲ್ಲ. ತಿಳಿದಿದ್ದು, ಮಾಡಬಲ್ಲವನಾಗಿದ್ದು, ತನ್ನ ಪಾಲಿಗೆ ಬಂದ ಕೆಲಸವನ್ನು ಬಿಟ್ಟವನ ಬಿಡುವಿಕೆ ಬರಿಯ ಅಭಾವವೂ ಅಲ್ಲ. ಆ ಹೊತ್ತಿನಲ್ಲಿ ಬೇರೊಂದನ್ನು ಆರಿಸಿಕೊಂಡ ಮನಸ್ಸಿನ ನಿರ್ಣಯ ಅದರ ಹಿಂದಿದೆ.

ಶ್ರಮಣಪರಂಪರೆಗಳು ತಡೆಯುವಿಕೆಗೆ ಸಾಧನೆಯ ಕೇಂದ್ರದಲ್ಲಿಯೇ ಸ್ಥಾನ ಕೊಟ್ಟಿವೆ. ಲಡಾಖಿನ ಗೊಂಪಗಳಲ್ಲಿ, ಅಂದರೆ ಬೌದ್ಧ ವಿಹಾರಗಳಲ್ಲಿ, ಇಂದಿಗೂ ಬಾಳುತ್ತಿರುವ ಬೌದ್ಧಧರ್ಮ ಅಷ್ಟಾಂಗಮಾರ್ಗದ ಸಮ್ಯಕ್ ವ್ಯಾಯಾಮವನ್ನು, ಅಂದರೆ ಸರಿಯಾದ ಪ್ರಯತ್ನವನ್ನು, ನಾಲ್ಕಾಗಿ ವಿಂಗಡಿಸುವಾಗ ಮೊದಲು ಹೇಳುವುದು ಇನ್ನೂ ಹುಟ್ಟದ ಅಕುಶಲ ಹುಟ್ಟದಂತೆ ನೋಡಿಕೊಳ್ಳುವುದನ್ನು. ಹುಟ್ಟಿದ್ದನ್ನು ನೀಗುವುದು ಅದರ ನಂತರದ್ದು. ಶ್ರವಣಬೆಳಗೊಳದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಜೈನಧರ್ಮದಲ್ಲಿ ಆತ್ಮದೊಳಗೆ ಕರ್ಮ ಹರಿದುಬರುವುದು ಆಸ್ರವ, ಆ ಹರಿವನ್ನು ತಡೆಯುವುದು ಸಂವರ, ಒಳಗೆ ಸೇರಿದ್ದನ್ನು ಕಳಚುವುದು ನಿರ್ಜರಾ. ಸಂವರವಿಲ್ಲದೆ ನಿರ್ಜರೆಯೊಂದರಿಂದಲೇ ಬಿಡುಗಡೆ ಸಾಧ್ಯವಿಲ್ಲ. ಇಲ್ಲಿ ಒಂದು ವಿರೋಧ ಕಾಣಬಹುದು: ಜೈನಮುನಿ ಸಹಿಸಬೇಕಾದ 22 ಪರೀಷಹಗಳಲ್ಲಿ, ಅಂದರೆ ಮಾರ್ಗದಿಂದ ಜಾರದಿರಲು ತಾಳಿಕೊಳ್ಳುವ ಕಷ್ಟಗಳಲ್ಲಿ, ಚಳಿಯೂ ಒಂದು, ಹಾಗಿದ್ದ ಮೇಲೆ ಚಳಿಯಿಂದ ವಾಹನವನ್ನು ಕಾಪಾಡುವುದಕ್ಕೆ ಧರ್ಮದ ಬೆಂಬಲವೆಲ್ಲಿ? ಸಹನೆ ತನ್ನ ಮೇಲೆ ಬಂದ ಕಷ್ಟಕ್ಕೆ ಸಂಬಂಧಿಸಿದ ವ್ರತ, ಇತರರ ಮೇಲೆ ಬರಬಹುದಾದ ಕಷ್ಟಕ್ಕೆ ಅದನ್ನು ಅನ್ವಯಿಸುವುದು ಅಧರ್ಮ ಎಂಬುದೇ ಇದಕ್ಕೆ ಉತ್ತರ. ಸೀಳಿದ ಎಂಜಿನ್ನಿನೊಡನೆ ಕಣಿವೆಯಲ್ಲಿ ನಿಂತುಹೋಗುವುದು ಒಂದು ಯಂತ್ರ ಮಾತ್ರವಲ್ಲ. ಅದನ್ನು ನಂಬಿ ಹೊರಟ ರೋಗಿ, ಅದು ತರಲಿರುವ ಧಾನ್ಯಕ್ಕಾಗಿ ಕಾದ ಹಳ್ಳಿ, ಅದು ಮುಟ್ಟಿಸಲಿರುವ ಸೀಮೆಎಣ್ಣೆಯನ್ನು ನೆಚ್ಚಿದ ಕಾವಲುಠಾಣೆ ಎಲ್ಲವೂ ಅದರೊಡನೆ ನಿಲ್ಲುತ್ತವೆ.

ಪರರ ಕ್ಷೇಮದ ಈ ದೃಷ್ಟಿಯನ್ನೇ ಮುಂದುವರಿಸಿದರೆ ತಡೆಯುವ ವಸ್ತುವಿನ ದೋಷವನ್ನೂ ಹೇಳಬೇಕಾಗುತ್ತದೆ. ಎಥಿಲೀನ್ ಗ್ಲೈಕಾಲ್ ವಿಷ. ಅದರ ಸಿಹಿಗೆ ಮಾರುಹೋಗಿ ನೆಲಕ್ಕೆ ಚೆಲ್ಲಿದ್ದನ್ನು ನಾಯಿಗಳು ನೆಕ್ಕುತ್ತವೆ, ತೆರೆದಿಟ್ಟ ಡಬ್ಬಿಯಿಂದ ಮಕ್ಕಳು ಕುಡಿಯುವ ಅಪಾಯವಿದೆ. ಶರೀರದೊಳಗೆ ಅದು ಆಮ್ಲಗಳಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ತನ್ನ ಎಂಜಿನ್ನನ್ನು ಕಾಪಾಡಲು ಬಳಸಿ ಹಳೆಯದಾದ ದ್ರವವನ್ನು ಚರಂಡಿಗೋ ತೊರೆಗೋ ಸುರಿದವನು ತನ್ನ ಹಾನಿಯನ್ನು ತಡೆದುಕೊಂಡದ್ದಲ್ಲ, ಅದನ್ನು ಮೂಕಪ್ರಾಣಿಗಳ ಪಾಲಿಗೆ ವರ್ಗಾಯಿಸಿದ. ಕಡಿಮೆ ವಿಷಕಾರಿಯಾದ ಪ್ರೊಪಿಲೀನ್ ಗ್ಲೈಕಾಲ್ ಬಳಸುವುದು, ಚೆಲ್ಲಿದ್ದನ್ನು ಒಡನೆಯೇ ಒರೆಸಿ ತೆಗೆಯುವುದು, ಹಳೆಯದನ್ನು ಮುಚ್ಚಿದ ಡಬ್ಬಿಯಲ್ಲಿ ವಿಲೇವಾರಿಗೆ ಒಪ್ಪಿಸುವುದು ಇವು ಅಹಿಂಸೆಯ ದೃಷ್ಟಿಯಿಂದ ಆ ಕರ್ಮದ ಅಂಗಗಳೇ ಆಗಿವೆ, ಮೇಲೆ ಸೇರಿಸಿದ ಸೌಜನ್ಯಗಳಲ್ಲ.

ಇಷ್ಟೆಲ್ಲ ತಿಳಿದೂ ಮನುಷ್ಯ ಮುಂಚಿತವಾಗಿ ಕಾಯದಿರುವುದೇಕೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ನಿದರ್ಶನವಿದೆ. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿಯಿಟ್ಟ ಜರ್ಮನ್ ಸೇನೆಯ ಯೋಜಕರು ಚಳಿಗಾಲಕ್ಕೆ ಮೊದಲೇ ಯುದ್ಧ ಮುಗಿಯುತ್ತದೆಂದು ಎಣಿಸಿದ್ದರು. ಡಿಸೆಂಬರಿನಲ್ಲಿ ಮಾಸ್ಕೋದ ಹೊರವಲಯದಲ್ಲಿ ಅವರ ಸೈನಿಕರಿಗೆ ಬೆಚ್ಚನೆಯ ಬಟ್ಟೆಯೂ ವಾಹನಗಳಿಗೆ ಹೆಪ್ಪುಗಟ್ಟದ ಕೂಲಂಟೂ ಸಾಲದೆ, ಎಂಜಿನ್ನುಗಳ ಕೆಳಗೆ ಬೆಂಕಿ ಹಾಕಿ ಅವನ್ನು ಬಿಸಿಮಾಡಬೇಕಾಯಿತು. ರಷ್ಯಾದ ಚಳಿ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಕೊರತೆಯಿದ್ದದ್ದು ಜ್ಞಾನದಲ್ಲಲ್ಲ, ತನ್ನ ಇಚ್ಛೆಯೇ ಭವಿಷ್ಯವೆಂದು ಭಾವಿಸಿದ ಅಹಂಕಾರ ಆ ಜ್ಞಾನವನ್ನು ಮುಚ್ಚಿತ್ತು. ಮುನ್ನೆಚ್ಚರಿಕೆಯ ಬುಡದಲ್ಲಿರುವುದು ಭಯವೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದರ ಬುಡದಲ್ಲಿರುವುದು ವಿನಯ, ಪ್ರಕೃತಿಯ ನಿಯಮ ತನಗಾಗಿ ಸಡಿಲವಾಗದು ಎಂಬ ಒಪ್ಪಿಗೆ.

ಆದ್ದರಿಂದ ಸಿದ್ಧಾಂತವಿಷ್ಟು: ತಡೆಯುವುದು ಪೂರ್ಣಾರ್ಥದಲ್ಲಿ ಕರ್ಮ, ಇದ್ದದ್ದು ಉಳಿಯುವುದೇ ಅದರ ಫಲ, ಮತ್ತು ಆ ಫಲ ಕಣ್ಣಿಗೆ ಕಾಣದಿರುವುದು ಅದರ ದೋಷವಲ್ಲ, ಸ್ವರೂಪ. ಸೋರುವ ಎಂಜಿನ್ನನ್ನು ದುರಸ್ತಿಮಾಡಿದವನಿಗೆ ಸಲ್ಲುವ ಗೌರವ, ಶರತ್ಕಾಲದಲ್ಲಿಯೇ ಕೂಲಂಟಿನ ಒಂದು ಹನಿಯನ್ನು ಬೆಳಕಿಗೆ ಹಿಡಿದು ನೋಡಿ, ಬೇಕಾದಷ್ಟನ್ನು ಬೆರೆಸಿ, ಚೆಲ್ಲಿದ್ದನ್ನು ಒರೆಸಿಟ್ಟವನಿಗೂ ಸಲ್ಲಬೇಕು. ಏನೂ ಆಗಲಿಲ್ಲವೆಂಬ ಕಾರಣಕ್ಕೆ ಅವನ ಕೆಲಸವನ್ನು ಅನಗತ್ಯವೆಂದು ಎಣಿಸುವುದನ್ನು ವಿವೇಕಿಗಳು ಬಿಡಬೇಕು.